ಕ್ಲಚ್ ಕೇಬಲ್ ಬದಲಿಸುವ ಮುನ್ನ ಅದು ಯಾಕೆ ಹೋಯಿತು ಅಂತ ನೋಡಿ

ಬಾಗಲಕೋಟೆಯಲ್ಲಿ ಮದುವೆ ಮುಗಿಸಿಕೊಂಡು ವಿಜಯಪುರಕ್ಕೆ ವಾಪಸ್ ಬರುತ್ತಿದ್ದೆವು. ಕೊಲ್ಹಾರದಲ್ಲಿ ಇಳಿದು ಮೊಸರು ತಗೊಂಡೆವು. ಅವ್ವ ಗಡಿಗೆಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಳು. ನಾನು ಕಾರು ಸ್ಟಾರ್ಟ್ ಮಾಡಿ ಕ್ಲಚ್ ಒತ್ತಿದೆ. ಕಾಲಿನ ಕೆಳಗೆ ಟಕ್ ಅಂತ ಸದ್ದಾಯಿತು. ಪೆಡಲ್ ಹಗುರಾಗಿ ನೆಲ ಮುಟ್ಟಿತು. ಅದಕ್ಕೆ ಯಾವ ಬಿಗಿಯೂ ಇರಲಿಲ್ಲ. ಕೇಬಲ್ ಹರಿದಿತ್ತು.

ಹನ್ನೊಂದು ತಿಂಗಳಲ್ಲಿ ಅದು ಎರಡನೇ ಕೇಬಲ್.

ಕಾರು ಅಪ್ಪನದು. 1993ರ ಮಾರುತಿ 800. ಕಾರ್ಬ್ಯುರೇಟರ್ ಇರುವ, ನಾಲ್ಕೇ ಗೇರಿನ ಗಾಡಿ. 1983ರ ಡಿಸೆಂಬರ್‌ನಲ್ಲಿ ಮೊದಲ ಮಾರುತಿ 800 ರಸ್ತೆಗೆ ಬಂತು, 1986ರಲ್ಲಿ ಅದರ ಆಕಾರ ಬದಲಾಯಿತು, 2014ರಲ್ಲಿ ತಯಾರಿಕೆ ನಿಂತೇ ಹೋಯಿತು. ಒಂದು ಕಾಲದಲ್ಲಿ ಓಣಿಗೆ ನಾಲ್ಕು ಕಾಣುತ್ತಿದ್ದವು. ಈಗ ನಮ್ಮ ಓಣಿಯಲ್ಲಿ ಉಳಿದಿರುವುದು ನಮ್ಮದೊಂದೇ. ನನ್ನ ಪಾಲಿಗೆ ಇದು ಕ್ಲಾಸಿಕ್ ಕಾರೇ. ಅಪ್ಪ ತೀರಿಕೊಂಡ ಮೇಲೆ ಇದನ್ನು ಮಾರಿಬಿಡು ಅಂತ ಹೇಳಿದವರು ಬಹಳ ಜನ. ನಾನು ಮಾರಲಿಲ್ಲ. ಅದರ ಕೆಲಸ ಕಲಿತೆ.

ಅವತ್ತು ಮನೆ ಮುಟ್ಟಿದ್ದು ಹೇಗೆ ಅಂತ ಮೊದಲು ಹೇಳುತ್ತೇನೆ, ಯಾಕಂದ್ರೆ ನಿಮಗೂ ಇದು ಬೇಕಾಗಬಹುದು. ಕ್ಲಚ್ ಕೇಬಲ್ ಹರಿದರೆ ಇಂಜಿನ್ ಮತ್ತು ಚಕ್ರದ ನಡುವಿನ ಸಂಬಂಧ ಬಿಡಿಸಲು ಬರುವುದಿಲ್ಲ, ಅಷ್ಟೇ. ಗಾಡಿ ಓಡುತ್ತದೆ. ಇಂಜಿನ್ ಬಂದ್ ಮಾಡಿ. ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡು ಫಸ್ಟ್ ಗೇರ್ ಹಾಕಿ. ಈಗ ಚಾವಿ ತಿರುಗಿಸಿದರೆ ಕಾರು ಜರ್ಕ್ ಹೊಡೆದು ಮುಂದೆ ಹೋಗುತ್ತಾ ಸ್ಟಾರ್ಟ್ ಆಗುತ್ತದೆ. ಸೆಕೆಂಡ್‌ಗೆ ಹಾಕುವಾಗ ಎಕ್ಸಲೇಟರ್ ಪೂರ್ತಿ ಬಿಟ್ಟು, ಗೇರ್ ಕಡ್ಡಿಯನ್ನು ನ್ಯೂಟ್ರಲ್‌ಗೆ ಎಳೆದು, ಅಲ್ಲಿ ಒಂದು ಉಸಿರು ನಿಲ್ಲಿಸಿ, ಇಂಜಿನ್ ಸದ್ದು ಇಳಿಯುತ್ತಿದ್ದ ಹಾಗೆ ಮೆತ್ತಗೆ ಒತ್ತಬೇಕು. ಜೋರು ಮಾಡಬಾರದು. ವೇಗ ಹೊಂದಿದಾಗ ಅದೇ ಒಳಗೆ ಹೋಗುತ್ತದೆ. ನಿಲ್ಲಬೇಕಾದರೆ ಮೊದಲು ನ್ಯೂಟ್ರಲ್, ಆಮೇಲೆ ಬ್ರೇಕ್. ಊರೊಳಗಿನ ಟ್ರಾಫಿಕ್‌ನಲ್ಲಿ ಇದನ್ನು ಮಾಡಬೇಡಿ. ಖಾಲಿ ಹೈವೇಯಲ್ಲಿ ಮಾತ್ರ. ಅವ್ವ ದಾರಿಯುದ್ದಕ್ಕೂ ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು "ಸಾವಕಾಶ ಹೊಡಿ ಯವ್ವಾ, ಸಾವಕಾಶ" ಅನ್ನುತ್ತಿದ್ದಳು. ಊರ ಹೊರಗೆ ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲಿಸಿ, ಮನೆ ತನಕ ಬೇರೆ ಗಾಡಿಗೆ ಕಟ್ಟಿ ಎಳೆಸಿದೆ.

ಮರುದಿನ ಚಾಚಾ ಹತ್ತಿರ ಹೋದೆ. ಅಪ್ಪನ ಕಾಲದಿಂದ ಈ ಕಾರು ನೋಡಿದ ಮೆಕ್ಯಾನಿಕ್ ಅವರು. ಈಗ ವಯಸ್ಸಾಗಿದೆ, ಅಂಗಡಿ ಮಗನಿಗೆ ಬಿಟ್ಟಿದ್ದಾರೆ. ಹಿಂದಿನ ಕೇಬಲ್ ಹಾಕಿಸಿದ್ದು ಬೇರೆ ಕಡೆ. ಚಾಚಾ ಕೇಳಿದ್ದು ಒಂದೇ ಮಾತು: "ಕೇಬಲ್ ಹೋತು, ಹೊಸಾದು ಹಾಕಿದ್ರು. ಯಾಕ ಹೋತು ಅಂತ ಯಾರರೇ ನೋಡ್ಯಾರೇನ್ ಬೇಟಿ?"

ಯಾರೂ ನೋಡಿರಲಿಲ್ಲ. ಈ ಬರಹ ಪೂರ್ತಿ ಆ ಪ್ರಶ್ನೆಯ ಬೆನ್ನು ಹತ್ತಿದ್ದು.

ಕೇಬಲ್ ಹರಿಯುವ ಮುಂಚೆ ಏನು ಹೇಳುತ್ತದೆ

ಕ್ಲಚ್ ಕೇಬಲ್ ಅಂದರೆ ಸೈಕಲ್ ಬ್ರೇಕಿನ ತಂತಿಯ ಅಣ್ಣ. ಒಳಗೆ ಹಲವು ಉಕ್ಕಿನ ಎಳೆಗಳನ್ನು ಹೊಸೆದು ಮಾಡಿದ ತಂತಿ, ಅದಕ್ಕೆ ಇನ್ನರ್ ಅನ್ನುತ್ತಾರೆ. ಅದರ ಮೇಲೆ ಸ್ಪ್ರಿಂಗಿನ ಹಾಗೆ ಸುತ್ತಿದ ಉಕ್ಕಿನ ಕೊಳವೆ, ಅದು ಔಟರ್. ಎರಡರ ನಡುವೆ ಪ್ಲಾಸ್ಟಿಕ್ಕಿನ ನುಣುಪಾದ ಪದರ. ನೀವು ಪೆಡಲ್ ಒತ್ತಿದಾಗ ಇನ್ನರ್ ಎಳೆಯುತ್ತದೆ, ಔಟರ್ ಎರಡೂ ತುದಿಯಲ್ಲಿ ಗಟ್ಟಿಯಾಗಿ ಆತು ನಿಂತಿರುತ್ತದೆ. ಔಟರಿನ ಆ ತುದಿಗಳು ಅಲ್ಲಾಡಿದರೂ ಕೆಲಸ ಕೆಡುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಹೊಸ ಕೇಬಲ್ ಹಾಕಿದರೂ ಪೆಡಲ್ ಸರಿ ಬರಲಿಲ್ಲ ಅಂದರೆ ಔಟರ್ ಆತುಕೊಳ್ಳುವ ಬ್ರಾಕೆಟ್ ಸಡಿಲಾಗಿದೆಯಾ ಅಂತ ನೋಡಬೇಕು.

ಎಲ್ಲಾ ಎಳೆಗಳೂ ಒಂದೇ ಸಲ ಹರಿಯುವುದಿಲ್ಲ. ಮೊದಲು ಒಂದು, ಹದಿನೈದು ದಿನಕ್ಕೆ ಮತ್ತೊಂದು. ಆಗ ಪೆಡಲ್ ಬಿರುಸಾಗುತ್ತದೆ, ಒತ್ತುವಾಗ ಕರಕರ ಅನ್ನಿಸುತ್ತದೆ. ರಿವರ್ಸ್ ಹಾಕುವಾಗ ಕಿರ್ರ್ ಅಂತ ಹಲ್ಲು ತಿಕ್ಕುವ ಸದ್ದು ಬರುತ್ತದೆ. ನಿನ್ನೆ ಸರಿ ಇದ್ದ ಪೆಡಲ್ ಇವತ್ತು ಒಂದು ಇಂಚು ಸುಮ್ನೆ ಒಳಗೆ ಹೋಗುತ್ತದೆ. ಇದೆಲ್ಲಾ ಕೊಲ್ಹಾರಕ್ಕೆ ಹೋಗುವ ಮುಂಚೆ ನನ್ನ ಕಾರಿನಲ್ಲೂ ಆಗಿತ್ತು. ಮದುವೆ ಗಡಿಬಿಡಿಯಲ್ಲಿ ನಾನು ಲಕ್ಷ್ಯ ಕೊಡಲಿಲ್ಲ.

ಇಲ್ಲೊಂದು ಗುರುತು ನೆನಪಿಡಿ. ಕ್ಲಚ್ ಪ್ಲೇಟ್, ಅಂದರೆ ಇಂಜಿನ್ನಿನ ತಿರುಗುವಿಕೆಯನ್ನು ಗೇರ್ ಬಾಕ್ಸಿಗೆ ದಾಟಿಸುವ ತಟ್ಟೆ, ಸವೆದರೆ ಪೆಡಲಿನ ಸಡಿಲು ಕಡಿಮೆಯಾಗುತ್ತಾ ಬರುತ್ತದೆ. ಕೇಬಲ್ ಹಿಗ್ಗಿದರೆ ಅಥವಾ ಎಳೆ ಹರಿದರೆ ಸಡಿಲು ಜಾಸ್ತಿಯಾಗುತ್ತದೆ. ಪ್ಲೇಟ್ ಹೋಗಿದ್ದರೆ ಏರು ಹತ್ತುವಾಗ ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಕೇಬಲ್ ಹೋಗಿದ್ದರೆ ಗಾಡಿ ಚೆನ್ನಾಗಿ ಎಳೆಯುತ್ತದೆ, ಗೇರ್ ಮಾತ್ರ ಬೀಳುವುದಿಲ್ಲ. ಇಷ್ಟು ತಿಳಿದಿದ್ದರೆ ಕೇಬಲ್ ಹೋದದ್ದಕ್ಕೆ ಪೂರ್ತಿ ಕ್ಲಚ್ ಬಿಚ್ಚಿಸುವ ಖರ್ಚು ಉಳಿಯುತ್ತದೆ.

ಸಾಮಾನು

ಹೊಸ ಕೇಬಲ್ ತರುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಮಾರುತಿ 800 ಅಂತ ಬಾಯಲ್ಲಿ ಹೇಳಿದರೆ ಸಾಲದು. ಹಳೆ ಆಕಾರದ ಗಾಡಿ, ಆಮೇಲಿನ ಗಾಡಿ, ಓಮ್ನಿ, ಎಲ್ಲವೂ ಬೇರೆ ಬೇರೆ. ಅಂಗಡಿ ಕಟ್ಟೆ ಮೇಲೆ ಎರಡನ್ನೂ ಪಕ್ಕಪಕ್ಕ ಮಲಗಿಸಿ ನೋಡಿ. ಔಟರಿನ ಉದ್ದ ಒಂದೇ ಇರಬೇಕು. ಇನ್ನರನ್ನು ಒಂದು ಕಡೆ ಪೂರ್ತಿ ಎಳೆದಾಗ ಇನ್ನೊಂದು ಕಡೆ ಹೊರಗೆ ಉಳಿಯುವ ತಂತಿಯೂ ಒಂದೇ ಇರಬೇಕು. ಕೊಕ್ಕೆಯ ಬಾಯಿ, ನಟ್ಟು ಕೂರುವ ತುದಿಯ ದಪ್ಪ, ರಬ್ಬರ್ ಬೂಟು, ಎಲ್ಲಾ ನೋಡಿ. ಹೊಸ ಇನ್ನರನ್ನು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಜಗ್ಗಿದರೆ ಬೆಣ್ಣೆಯಲ್ಲಿ ಓಡಿದ ಹಾಗಿರಬೇಕು. ಅಂಗಡಿಯಲ್ಲೇ ಕರಕರ ಅಂದರೆ ಅದನ್ನು ತರಬೇಡಿ. ದುಡ್ಡು ಉಳಿಸುವ ಜಾಗ ಇದಲ್ಲ.

ಮನೆಯಲ್ಲಿ 10 ಮತ್ತು 12ರ ಪಾನಾ, ಮೂತಿ ಚೂಪಾಗಿರುವ ಪಕ್ಕಡ, ಚಪ್ಪಟೆ ಸ್ಕ್ರೂ ಡ್ರೈವರ್, ಟಾರ್ಚ್, ತುಕ್ಕು ಬಿಡಿಸುವ ಸ್ಪ್ರೇ, ಚೂರು ಗ್ರೀಸ್, ತಂತಿ ಬ್ರಶ್ಶು, ಹಳೆ ಕಾಟನ್ ಸೀರೆಯ ತುಂಡು, ಒಂದು ಅಳತೆ ಪಟ್ಟಿ, ಒಂದೂವರೆ ಮೀಟರ್ ಗಟ್ಟಿ ದಾರ ಬೇಕು. ದಾರ ಮರೆಯಬೇಡಿ.

ನಮ್ಮಲ್ಲಿ ಬೇಸಿಗೆಯಲ್ಲಿ ಈ ಕೆಲಸವನ್ನು ಬೆಳಿಗ್ಗೆ ಆರಕ್ಕೇ ಶುರು ಮಾಡಬೇಕು. ಹತ್ತು ಗಂಟೆಯ ಮೇಲೆ ಬಾನೆಟ್ಟಿನ ತಗಡು ಮುಟ್ಟಲು ಆಗುವುದಿಲ್ಲ. ಮೊದಲ ಸಲ ನನಗೆ ಮೂರು ತಾಸು ಹಿಡಿಯಿತು. ಈಗ ಒಂದು ತಾಸಿನಲ್ಲಿ ಆಗುತ್ತದೆ.

ಹಳೆಯದನ್ನು ಬಿಚ್ಚುವುದು

ಹಿಂದಿನ ರಾತ್ರಿಯೇ ಗೇರ್ ಬಾಕ್ಸ್ ಹತ್ತಿರದ ನಟ್ಟಿಗೆ ಸ್ಪ್ರೇ ಹೊಡೆದು ಬಿಡಿ. ಬೆಳಿಗ್ಗೆ ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಹಿಂದೆ ಮುಂದೆ ಕಟ್ಟಿಗೆ ತುಂಡು ಇಡಿ. ಬ್ಯಾಟರಿಯ ಮೈನಸ್ ವೈರ್ ತೆಗೆಯಿರಿ. ಮಾರುತಿಯಲ್ಲಿ ಕ್ಲಚ್ ಕೇಬಲಿಗೆ ಕಾರನ್ನು ಎತ್ತುವ ಕೆಲಸ ಇಲ್ಲ, ಮೇಲಿಂದಲೇ ಕೈ ಹೋಗುತ್ತದೆ. ಬೇರೆ ಯಾವುದೋ ಗಾಡಿಗೆ ಕೆಳಗೆ ಮಲಗಬೇಕಾದರೆ ಬರೀ ಜಾಕ್ ನಂಬಿ ಮಲಗಬೇಡಿ, ಇಟ್ಟಿಗೆಯನ್ನಂತೂ ನಂಬಲೇಬೇಡಿ. ಸ್ಟ್ಯಾಂಡ್ ಬೇಕೇ ಬೇಕು.

ಪಾನಾ ಮುಟ್ಟುವ ಮೊದಲು ಫೋನಿನಲ್ಲಿ ನಾಲ್ಕೈದು ಫೋಟೋ ತೆಗೆಯಿರಿ. ಕೇಬಲ್ ಯಾವ ಪೈಪಿನ ಮೇಲೆ ಹೋಗಿದೆ, ಯಾವುದರ ಕೆಳಗೆ ನುಸುಳಿದೆ, ಎಲ್ಲಿ ತಿರುಗಿದೆ, ಎಲ್ಲವೂ ಕಾಣಬೇಕು. ಆಮೇಲೆ ತುದಿಯಲ್ಲಿ ನಟ್ಟಿನ ಆಚೆ ಎಷ್ಟು ಥ್ರೆಡ್, ಅಂದರೆ ತಿರುಪಿನ ಸುತ್ತು, ಹೊರಗಿದೆ ಅಂತ ಎಣಿಸಿ ಬರೆದಿಡಿ. ಅಪ್ಪನ ಹಳೆ ಸರ್ವಿಸ್ ವಹಿಯಲ್ಲಿ ಪ್ರತಿ ಕೇಬಲಿನ ಮುಂದೆ ಈ ಲೆಕ್ಕ ಇದೆ. ನೀರಾವರಿ ಇಲಾಖೆಯಲ್ಲಿ ಗೇಜ್ ಓದಿ ಬರೆದ ಕೈ ಅದು, ಕಾರಿಗೂ ಹಾಗೆಯೇ ಬರೆದಿದ್ದಾರೆ.

ಈಗ ಗೇರ್ ಬಾಕ್ಸ್ ಮೇಲಿನ ಕ್ಲಚ್ ಲಿವರ್ ಹತ್ತಿರ ಬನ್ನಿ. ಕೇಬಲಿನ ತುದಿ ಒಂದು ಪಿನ್ನಿನ ಮೂಲಕ ಹಾದು ಬಂದಿರುತ್ತದೆ, ಅದರ ಆಚೆ ನಟ್ಟು. ನಟ್ಟು ತಿರುಗಿಸುವಾಗ ಕೇಬಲಿನ ತುದಿಯನ್ನು ಪಕ್ಕಡದಲ್ಲಿ ಗಟ್ಟಿಯಾಗಿ ಹಿಡಿಯಿರಿ. ಇಲ್ಲಾಂದ್ರೆ ನಟ್ಟಿನ ಜೊತೆ ತಂತಿಯೂ ತಿರುಗಿ ಹುರಿ ಬಿಚ್ಚುತ್ತದೆ. ಹಳೆ ಕೇಬಲಿಗೆ ಹೇಗೂ ಚಿಂತೆ ಇಲ್ಲ, ಆದರೆ ಕೈಗೆ ಈ ರೂಢಿ ಈಗಲೇ ಬೀಳಲಿ. ಹೊಸದಕ್ಕೆ ಹೀಗೆ ಆದರೆ ಹಾಕಿದ ದಿನವೇ ಅದರ ಆಯುಸ್ಸು ಅರ್ಧ ಆಯಿತು. ನಟ್ಟು ಬಂದ ಮೇಲೆ ಬ್ರಾಕೆಟ್ಟಿನ ಕ್ಲಿಪ್ಪನ್ನು ಸ್ಕ್ರೂ ಡ್ರೈವರ್‌ನಿಂದ ಎಬ್ಬಿಸಿ. ಕ್ಲಿಪ್ ಹಾರುತ್ತದೆ, ಒಂದು ಕೈ ಅಡ್ಡ ಇಡಿ.

ಇನ್ನೊಂದು ತುದಿ, ಇಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆಯಲ್ಲಿದೆ. ಅಲ್ಲಿ ಔಟರನ್ನು ಎರಡು ಸಣ್ಣ ಬೋಲ್ಟ್ ಹಿಡಿದಿರುತ್ತವೆ. ಅವನ್ನು ಬಿಚ್ಚಿ ಒಳಗೆ ಬನ್ನಿ. ಸೀಟನ್ನು ಪೂರ್ತಿ ಹಿಂದೆ ಸರಿಸಿ, ನೆಲಕ್ಕೆ ಗೋಣಿ ಚೀಲ ಹಾಸಿ, ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ. ಪೆಡಲಿನ ಮೇಲ್ತುದಿಯಲ್ಲಿ ಕೇಬಲಿನ ಕೊಕ್ಕೆ ಕಾಣುತ್ತದೆ. ಆ ಕಡೆ ನಟ್ಟು ಬಿಚ್ಚಿದ್ದರಿಂದ ಈಗ ಅದು ಸಡಿಲ ಇರುತ್ತದೆ. ಬೆರಳಲ್ಲೇ ಕೊಕ್ಕೆ ಕಳಚಿ.

ಈಗ ದಾರ. ಕೊಕ್ಕೆಗೆ ದಾರ ಕಟ್ಟಿ, ಗಂಟಿನ ಮೇಲೆ ಒಂದು ಸುತ್ತು ಟೇಪ್ ಹಚ್ಚಿ. ದಾರದ ಇನ್ನೊಂದು ತುದಿಯನ್ನು ಪೆಡಲಿಗೆ ಕಟ್ಟಿ. ಆಮೇಲೆ ಇಂಜಿನ್ ಕಡೆಯಿಂದ ಹಳೆ ಕೇಬಲನ್ನು ಮೆತ್ತಗೆ ಎಳೆದರೆ ಅದರ ಹಿಂದೆ ದಾರ ಬರುತ್ತದೆ. ಲಂಗಕ್ಕೆ ಹೊಸ ಲಾಡಿ ಪೋಣಿಸುವಾಗ ಹಳೆ ಲಾಡಿಯ ತುದಿಗೆ ಹೊಸದನ್ನು ಹೊಲಿದು ಎಳೆಯುತ್ತೇವಲ್ಲ, ಅದೇ ಉಪಾಯ. ಹೊಸ ಕೇಬಲಿನ ಕೊಕ್ಕೆಯನ್ನು ಇದೇ ದಾರಕ್ಕೆ ಕಟ್ಟಿ ಒಳಗೆ ಎಳೆದುಕೊಂಡರೆ ಕತ್ತಲಲ್ಲಿ ತೂತು ಹುಡುಕುವ ಕಷ್ಟ ಇಲ್ಲ.

ಹಳೆ ಕೇಬಲನ್ನು ಕೊಯ್ದು ನೋಡಿ

ಬಹಳ ಜನ ಇಲ್ಲಿ ಹಳೆಯದನ್ನು ಮೂಲೆಗೆ ಎಸೆದು ಹೊಸದನ್ನು ಕೈಗೆತ್ತಿಕೊಳ್ಳುತ್ತಾರೆ. ಒಂದು ಅರ್ಧ ತಾಸು ಕಾಯಿರಿ. ಚಾಚಾ ನನಗೆ ಹೇಳಿದ್ದು ಇದನ್ನೇ. ನಾನು ಹಳೆಯದನ್ನು ಅಂಗಳದ ಕಲ್ಲಿನ ಮೇಲೆ ಇಟ್ಟು, ಮೇಲಿನ ಕಪ್ಪು ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಉಕ್ಕಿನ ಸುತ್ತನ್ನು ಪಕ್ಕಡದಿಂದ ಬಿಚ್ಚಿ ಹಾಕಿದೆ.

ಒಳಗಿನ ಬಿಳಿ ಪದರ ಬಿಳಿ ಇರಲಿಲ್ಲ. ಬೆಲ್ಲದ ಪಾಕ ಸೀದ ಬಣ್ಣ. ಎರಡು ಕಡೆ ಅದು ಕರಗಿ ತಂತಿಗೇ ಅಂಟಿ, ಮತ್ತೆ ಗಟ್ಟಿಯಾಗಿತ್ತು. ಅಂಟಿದ ಜಾಗದ ಪಕ್ಕದಲ್ಲೇ ಎಳೆಗಳು ಹರಿದು ಮುಳ್ಳಿನ ಹಾಗೆ ನಿಂತಿದ್ದವು. ಹರಿದ ತುದಿಗಳಲ್ಲಿ ಕೆಲವು ಕಪ್ಪಾಗಿದ್ದವು, ಅಂದರೆ ಹರಿದು ಬಹಳ ದಿನ ಆಗಿತ್ತು. ಮೂರು ಮಾತ್ರ ಹೊಳೆಯುತ್ತಿದ್ದವು. ಆ ಮೂರರ ಮೇಲೆ ನಾನು ಬಾಗಲಕೋಟೆಗೆ ಹೋಗಿ ಕೊಲ್ಹಾರದ ತನಕ ಬಂದಿದ್ದೆ.

ಆ ತುಂಡನ್ನು ಹಾಗೇ ಚಾಚಾಗೆ ಒಯ್ದು ತೋರಿಸಿದೆ. ಮೂಗಿಗೆ ಹಿಡಿದು ನೋಡಿ "ಇದು ತಿಕ್ಕಾಡಿ ಹೋಗಿದ್ದಲ್ಲ. ಸುಟ್ಟದ. ಅರ್ಥ್ ನೋಡು ಬೇಟಿ" ಅಂದರು.

ಕಾರಣ ಹೀಗೆ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ. ರಬ್ಬರಿನಲ್ಲಿ ಕರೆಂಟ್ ಹೋಗುವುದಿಲ್ಲ. ಸ್ಟಾರ್ಟರ್ ತಿರುಗುವಾಗ ನೂರು ಆಂಪಿಯರ್ ಆಸುಪಾಸು ಕರೆಂಟ್ ಎಳೆಯುತ್ತದೆ, ಅದು ವಾಪಸ್ ಬ್ಯಾಟರಿಗೆ ಬರಲು ಒಂದು ದಪ್ಪ ಅರ್ಥ್ ವೈರ್ ಇರುತ್ತದೆ. ನನ್ನ ಕಾರಿನಲ್ಲಿ ಅದು ಗೇರ್ ಬಾಕ್ಸಿಗೆ ಬೋಲ್ಟ್ ಆಗಿದೆ. ಆ ಬೋಲ್ಟ್ ತುಕ್ಕು ಹಿಡಿದು ಹಸಿರು ಬಿಳಿ ಹುಡಿ ಕಟ್ಟಿಕೊಂಡಿತ್ತು. ದೊಡ್ಡ ಬಾಗಿಲು ಮುಚ್ಚಿದರೆ ಕರೆಂಟ್ ಕಿಂಡಿ ಹುಡುಕುತ್ತದೆ. ಇಂಜಿನ್ನಿನಿಂದ ಕಾರಿನ ಬಾಡಿಯ ಕಡೆಗೆ ಲೋಹದ ದಾರಿ ಬೇರೆ ಯಾವುದಿದೆ? ಕ್ಲಚ್ ಕೇಬಲ್, ಎಕ್ಸಲೇಟರ್ ಕೇಬಲ್, ಚೋಕ್ ಕೇಬಲ್. ಪ್ರತಿ ಸಲ ಚಾವಿ ತಿರುಗಿಸಿದಾಗ ಆ ಸಣ್ಣ ತಂತಿ ಹೀಟರ್ ಕಾಯಿಲಿನ ಹಾಗೆ ಕಾಯ್ದಿದೆ. ಪ್ಲಾಸ್ಟಿಕ್ ಕರಗಿದೆ. ಹೊಸ ಕೇಬಲ್ ಹಾಕಿದಾಗಲೂ ಮತ್ತೆ ಅದೇ ಆಗಿದೆ.

ನಿಮ್ಮ ಕಾರಿನಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಕೇಬಲ್ ಕೆಲಸ ಮುಗಿದು ಬ್ಯಾಟರಿ ಜೋಡಿಸಿದ ಮೇಲೆ, ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಗುಬುಟಿಗೆ, ಇನ್ನೊಂದನ್ನು ಇಂಜಿನ್ನಿನ ಬರೀ ಲೋಹಕ್ಕೆ ಹಿಡಿಯಿರಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಇನ್ನೊಬ್ಬರು ಸ್ಟಾರ್ಟರ್ ತಿರುಗಿಸಲಿ. ಅರ್ಧ ವೋಲ್ಟ್‌ಗಿಂತ ಕಡಿಮೆ ತೋರಿಸಿದರೆ ಚಿಂತೆ ಇಲ್ಲ, ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ನನ್ನದು ಒಂದೂವರೆ ತೋರಿಸಿತ್ತು. ಬೋಲ್ಟ್ ಬಿಚ್ಚಿ, ತಂತಿ ಬ್ರಶ್ಶಿನಿಂದ ಲೋಹ ಹೊಳೆಯುವ ತನಕ ತಿಕ್ಕಿ, ಹೊಸ ಅರ್ಥ್ ವೈರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಮೀಟರ್ ಸೊನ್ನೆಯ ಹತ್ತಿರ ಬಂತು. ಸ್ಟಾರ್ಟರಿನ ಸದ್ದೇ ಬದಲಾಯಿತು, ಮೊದಲು ನರಳುತ್ತಿತ್ತು, ಈಗ ಒಂದೇ ಏಟಿಗೆ ಎದ್ದಿತು. ಅಂಥ ಖುಷಿ ನನಗೆ ಬಹಳ ದಿನದ ಮೇಲೆ ಸಿಕ್ಕಿತ್ತು.

ನಿಮ್ಮ ಹಳೆ ಕೇಬಲ್ ಬೇರೆ ಕಥೆ ಹೇಳಬಹುದು. ಕೊಕ್ಕೆಯ ಬುಡದಲ್ಲೇ ಹರಿದಿದ್ದರೆ ಅಲ್ಲಿ ಗ್ರೀಸ್ ಇಲ್ಲದೆ ಕೊಕ್ಕೆ ತಿರುಗದೆ ತಂತಿ ಬಾಗಿದೆ. ಔಟರ್ ಒಂದು ಕಡೆ ಮಾತ್ರ ಕರಗಿದ್ದರೆ ಸೈಲೆನ್ಸರಿನ ಮೂಲಕ್ಕೆ ತಾಗಿದೆ. ಒಳಗೆ ಕಪ್ಪು ಕೆಸರಿನ ಹಾಗೆ ಇದ್ದರೆ ಯಾರೋ ಒಳ್ಳೆಯದಕ್ಕೆ ಅಂತ ಗ್ರೀಸ್ ತುಂಬಿದ್ದಾರೆ, ಅದಕ್ಕೆ ಧೂಳು ಸೇರಿದೆ.

ಈ ಗ್ರೀಸಿನ ಮಾತು ನಮ್ಮ ಕಡೆಯವರು ಗಟ್ಟಿಯಾಗಿ ಕೇಳಿಸಿಕೊಳ್ಳಬೇಕು. ನಮ್ಮದು ಎರೆ ಮಣ್ಣಿನ ಸೀಮೆ. ಬೇಸಿಗೆಯಲ್ಲಿ ಇಂಡಿ ರಸ್ತೆಯಲ್ಲೋ ಸಿಂದಗಿ ರಸ್ತೆಯಲ್ಲೋ ಒಂದು ಲಾರಿಯ ಹಿಂದೆ ಹೋದರೆ ಬಾನೆಟ್ ಒಳಗೆಲ್ಲಾ ಹಿಟ್ಟಿನಂಥ ಧೂಳು. ಗ್ರೀಸ್ ಮತ್ತು ಧೂಳು ಸೇರಿದರೆ ಅದು ಸಾಣೆ ಹಿಡಿಯುವ ಪುಡಿಯಾಗುತ್ತದೆ. ಒಳಗೆ ಪ್ಲಾಸ್ಟಿಕ್ ಪದರ ಇರುವ ಕೇಬಲಿಗೆ ಒಳಗೆ ಏನೂ ಹಾಕಬೇಡಿ. ಎರಡು ತುದಿಯ ಕೊಕ್ಕೆ ಮತ್ತು ಪಿನ್ನಿಗೆ ಮಾತ್ರ ಗ್ರೀಸ್. ಪದರ ಇಲ್ಲದ ಹಳೆ ಕಾಲದ ಚೋಕ್ ಅಥವಾ ಬಾನೆಟ್ ಕೇಬಲ್ ಆದರೆ ತೆಳು ಎಣ್ಣೆ ಬೇಕು. ಅದನ್ನು ಮೊಳೆಗೆ ನೇತು ಹಾಕಿ, ಮೇಲ್ತುದಿಗೆ ಹಾಲಿನ ಪಾಕೀಟಿನ ಮೂಲೆ ಕತ್ತರಿಸಿ ಗಾಳಿಕೆಯ ಹಾಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಒಂದು ಚಮಚ ಎಣ್ಣೆ ಹಾಕಿ. ಬೆಳಗಾಗುವಷ್ಟರಲ್ಲಿ ಕೆಳಗೆ ಹನಿ ಇಳಿದಿರುತ್ತದೆ.

ಹೊಸದನ್ನು ಹಾಕುವುದು

ದಾರದಿಂದ ಕೊಕ್ಕೆಯನ್ನು ಒಳಗೆ ಎಳೆದುಕೊಂಡು, ಕೊಕ್ಕೆಗೆ ಗ್ರೀಸ್ ಸವರಿ ಪೆಡಲಿಗೆ ಸಿಕ್ಕಿಸಿ. ಗೋಡೆಯ ಎರಡು ಬೋಲ್ಟನ್ನು ಕೈಯಲ್ಲೇ ಹಚ್ಚಿ, ಇನ್ನೂ ಬಿಗಿಯಬೇಡಿ. ಆಮೇಲೆ ಫೋಟೋ ನೋಡಿಕೊಂಡು ಕೇಬಲನ್ನು ಅದರ ದಾರಿಯಲ್ಲಿ ಕೂರಿಸಿ. ತಿರುವು ಎಲ್ಲೂ ಚೂಪಾಗಿರಬಾರದು. ಹಾವು ಹರಿದ ಹಾಗೆ ನಿಧಾನ ತಿರುಗಬೇಕು. ಬಿಸಿ ಪೈಪಿಗೆ ತಾಗಬಾರದು. ಅಂದ ಕಾಣಲಿ ಅಂತ ಕೇಬಲನ್ನು ಪ್ಲಾಸ್ಟಿಕ್ ಟೈ ಹಾಕಿ ಬಿಗಿಯಾಗಿ ಕಟ್ಟುವವರಿದ್ದಾರೆ. ಅದು ತಪ್ಪು. ಇಂಜಿನ್ ರಬ್ಬರ್ ಮೇಲೆ ಅಲ್ಲಾಡುತ್ತದೆ, ಅದರ ಜೊತೆ ಕೇಬಲೂ ಅಲ್ಲಾಡಲು ಜಾಗ ಬೇಕು.

ಗೇರ್ ಬಾಕ್ಸ್ ಕಡೆ ಕ್ಲಿಪ್ ಹಾಕಿ, ಪಿನ್ನಿಗೆ ಗ್ರೀಸ್ ಸವರಿ, ತುದಿ ಪೋಣಿಸಿ ನಟ್ಟು ಹಚ್ಚಿ. ಈಗ ಗೋಡೆಯ ಬೋಲ್ಟ್ ಬಿಗಿಯಿರಿ. ಪೆಡಲನ್ನು ಕೈಯಿಂದ ಇಪ್ಪತ್ತು ಸಲ ಒತ್ತಿ ಬಿಡಿ, ಎಲ್ಲವೂ ತನ್ನ ಜಾಗಕ್ಕೆ ಕೂರಲಿ.

ಇನ್ನು ಹೊಂದಿಸುವುದು. ಇಲ್ಲಿ ಅವಸರ ಬೇಡ. ಪೆಡಲನ್ನು ಒಂದು ಬೆರಳಿನಿಂದ ಒತ್ತಿದರೆ ಮೊದಲು ಹಗುರಾಗಿ ಹೋಗುತ್ತದೆ, ಆಮೇಲೆ ಬಿಗಿ ಸಿಗುತ್ತದೆ. ಆ ಹಗುರಾದ ದೂರವೇ ಫ್ರೀ ಪ್ಲೇ. ಅಳತೆ ಪಟ್ಟಿಯನ್ನು ಪೆಡಲಿನ ಪಕ್ಕ ನಿಲ್ಲಿಸಿ ನೋಡಿ. ನನ್ನ ಕಾರಿನಲ್ಲಿ ನಾನು 20 ಮಿಲಿಮೀಟರ್ ಇಟ್ಟಿದ್ದೇನೆ. ನಟ್ಟು ಬಿಗಿದರೆ ಸಡಿಲು ಕಡಿಮೆ, ಬಿಚ್ಚಿದರೆ ಜಾಸ್ತಿ. ಅರ್ಧ ಸುತ್ತು ತಿರುಗಿಸಿ, ಒಳಗೆ ಹೋಗಿ ಅಳೆದು, ಮತ್ತೆ ಹೊರಗೆ ಬನ್ನಿ. ನಾಲ್ಕೈದು ಸಲ ಓಡಾಡಬೇಕಾಗುತ್ತದೆ. ಸಡಿಲೇ ಇಲ್ಲದ ಹಾಗೆ ಬಿಗಿದರೆ ಪೆಡಲ್ ಚುರುಕು ಅನ್ನಿಸುತ್ತದೆ, ಆದರೆ ಪೆಡಲ್ ಒತ್ತಿದಾಗ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್ ಸದಾ ತಾಗಿಕೊಂಡೇ ತಿರುಗಿ ಹಾಳಾಗುತ್ತದೆ, ಪ್ಲೇಟೂ ಜಾರುತ್ತದೆ. ಬಹಳ ಸಡಿಲು ಬಿಟ್ಟರೆ ಕ್ಲಚ್ ಪೂರ್ತಿ ಬಿಡದೆ ಗೇರಿನ ಹಲ್ಲು ತಿನ್ನುತ್ತದೆ.

ಬ್ಯಾಟರಿ ಜೋಡಿಸಿ. ಅರ್ಥ್ ಪರೀಕ್ಷೆ ಮಾಡಿ. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಒತ್ತಿ, ಮೂರು ಎಣಿಸಿ ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಕೆಲಸ ಸರಿಯಾಗಿದೆ. ಮುಂದಿನ ಗೇರುಗಳು ತಪ್ಪನ್ನು ಮುಚ್ಚಿಡಬಹುದು, ರಿವರ್ಸ್ ಮುಚ್ಚಿಡುವುದಿಲ್ಲ. ಆಮೇಲೆ ಒಂದು ಏರಿನ ಮೇಲೆ ಮೂರನೇ ಗೇರಿನಲ್ಲಿ ಎಕ್ಸಲೇಟರ್ ಕೊಟ್ಟು ನೋಡಿ. ಇಂಜಿನ್ ಕೂಗುವುದು, ಗಾಡಿ ಏರುವುದು ಜೊತೆಗೇ ಆಗಬೇಕು.

ಎಕ್ಸಲೇಟರ್ ಕೇಬಲನ್ನೂ ಇದೇ ದಾರದ ಉಪಾಯದಿಂದ ಬದಲಿಸಬಹುದು, ಅದು ಇನ್ನೂ ಸುಲಭ. ಆದರೆ ಅದರಲ್ಲಿ ತಪ್ಪಿದರೆ ಜೀವಕ್ಕೆ ಬರುತ್ತದೆ. ಇಂಜಿನ್ ಸ್ಟಾರ್ಟ್ ಮಾಡುವ ಮುಂಚೆಯೇ ಒಬ್ಬರು ಪೆಡಲ್ ನೆಲಕ್ಕೆ ಒತ್ತಿ ಬಿಡಲಿ, ನೀವು ಕಾರ್ಬ್ಯುರೇಟರ್ ಹತ್ತಿರ ನಿಂತು ನೋಡಿ. ಪೂರ್ತಿ ತೆರೆಯಬೇಕು. ಬಿಟ್ಟ ತಕ್ಷಣ ಟಪ್ ಅಂತ ತಾನೇ ಮುಚ್ಚಬೇಕು. ಹತ್ತರಲ್ಲಿ ಒಂದು ಸಲ ನಿಧಾನ ಮುಚ್ಚಿದರೂ ಚಾವಿ ಮುಟ್ಟಬೇಡಿ. ಕಾಲ ಕೆಳಗಿನ ಮ್ಯಾಟ್ ಮಡಚಿ ಪೆಡಲಿಗೆ ಸಿಗುತ್ತದಾ ಅದನ್ನೂ ನೋಡಿ. ಹ್ಯಾಂಡ್ ಬ್ರೇಕ್ ಕೇಬಲ್ ಮಾತ್ರ ನಾನು ಮನೆಯಲ್ಲಿ ಮಾಡುವುದಿಲ್ಲ. ಅದಕ್ಕೆ ಕಾರಿನ ಕೆಳಗೆ ಬಹಳ ಹೊತ್ತು ಮಲಗಬೇಕು, ನನ್ನ ಅಂಗಳ ಅಷ್ಟು ಸಮ ಇಲ್ಲ.

ಹೊಸ ಕೇಬಲ್ ಮೊದಲ ವಾರ ಸ್ವಲ್ಪ ಹಿಗ್ಗಿ ಕೂರುತ್ತದೆ. ಎಂಟು ದಿನ ಓಡಿಸಿ ಮತ್ತೆ ಅಳೆಯಿರಿ. ನನ್ನದು 20ರಿಂದ 26ಕ್ಕೆ ಹೋಗಿತ್ತು. ಪಕ್ಕಡದಲ್ಲಿ ತುದಿ ಹಿಡಿದು ನಟ್ಟನ್ನು ಚೂರು ಚೂರೇ ತಿರುಗಿಸಿ ಮತ್ತೆ 20ಕ್ಕೆ ತಂದೆ. ಆಮೇಲೆ ಅಪ್ಪನ ವಹಿ ತೆಗೆದು, ಅವರ ಕೊನೆಯ ಸಾಲಿನ ಕೆಳಗೆ ತಾರೀಖು, ಕಿಲೋಮೀಟರ್, ಹೊರಗೆ ಉಳಿದ ಥ್ರೆಡ್ ಹನ್ನೊಂದು, ಅರ್ಥ್ ವೈರ್ ಹೊಸದು ಅಂತ ಬರೆದೆ.